ಪಿಒ ಎರಡನೇ ಪುಟ

ಬೆಂಗಳೂರಿನಲ್ಲಿ ಹದಿನಾಲ್ಕು ಜನರ ಫಾರ್ವರ್ಡಿಂಗ್ ಆಫೀಸು ನನ್ನದು, ಅಂದರೆ ಬೇರೆಯವರ ಮಾಲು ಸಾಗಿಸುವ ಏರ್ಪಾಡು ಮಾಡುವ ಕೆಲಸ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ಮಾಲೇ ನಮ್ಮ ಹೊಟ್ಟೆಪಾಡು. ಮೊದಲ ಎಂಟು ವರ್ಷ ನಮ್ಮ ಟ್ರೇಡಿಂಗ್ ಕಂಡೀಷನ್ಸ್, ಅಂದರೆ ನಾವು ಕೆಲಸ ಒಪ್ಪುವ ಷರತ್ತುಗಳು, ಎಲ್ಲಿದ್ದವು ಗೊತ್ತಾ? ಇನ್‌ವಾಯ್ಸ್ ಹಿಂಬದಿಯಲ್ಲಿ, ತಿಳಿ ಬೂದು ಬಣ್ಣದಲ್ಲಿ. ಇನ್‌ವಾಯ್ಸ್ ಹೋಗುವುದು ಕೆಲಸ ಮುಗಿದ ಮೇಲೆ. ಮಾಲು ತಲುಪಿದ ಮೇಲೆ ಷರತ್ತು ಹೇಳಿದರೆ ಯಾರು ಕೇಳ್ತಾರೆ?

ಬುದ್ಧಿ ಬಂದಿದ್ದು ಒಂದು ಸ್ಪಿಂಡಲ್‌ನಿಂದ, ಯಂತ್ರದ ತಿರುಗುವ ದಂಡದಿಂದ. ಹ್ಯಾಂಬರ್ಗ್‌ನಿಂದ ಚೆನ್ನೈಗೆ ಹಡಗಿನಲ್ಲಿ, ಅಲ್ಲಿಂದ ವೈಟ್‌ಫೀಲ್ಡ್‌ನ ಐಸಿಡಿ ಅನ್ನುವ ಒಳನಾಡಿನ ಕಂಟೇನರ್ ಡಿಪೋಗೆ. ಒಂದೇ ಪೆಟ್ಟಿಗೆ, 620 ಕಿಲೋ. ನಾನು ರೇಟ್ ಕೊಟ್ಟೆ, ಗಿರಾಕಿ ಪಿಒ (ಪರ್ಚೇಸ್ ಆರ್ಡರ್) ಕಳಿಸಿದರು, ಹುಡುಗರು ಬುಕ್ ಮಾಡಿದರು. ಪಿಒ ಎರಡನೇ ಪುಟ ಯಾರೂ ಓದಲಿಲ್ಲ. ಅಲ್ಲಿ ಬರೆದಿತ್ತು: ನಮ್ಮ ಷರತ್ತುಗಳೇ ಅಂತಿಮ, ಹಾಳಾದರೆ ಪೂರ್ತಿ ಬೆಲೆ, ಜೊತೆಗೆ ಕಾರ್ಖಾನೆಯ ಲೈನ್ ನಿಂತ ನಷ್ಟ. ಬುಕ್ ಮಾಡಿದ್ದೇ ಒಪ್ಪಿದ ಹಾಗಾಯ್ತು. ಪೆಟ್ಟಿಗೆ ದಾರಿಯಲ್ಲಿ ಎಲ್ಲೋ ಮಗುಚಿತ್ತು. ಪೆಟ್ಟಿಗೆ ವಾಲಿದರೆ ಬಣ್ಣ ಬದಲಾಗುವ ಮೂಲೆಯ ಟಿಲ್ಟ್ ಸ್ಟಿಕ್ಕರ್ ಕೆಂಪಾಗಿದ್ದು ಇನ್ನೂ ಕಣ್ಣಲ್ಲಿದೆ. ಕ್ಲೇಮ್ 38 ಲಕ್ಷ. ಆ ಕೆಲಸದಲ್ಲಿ ನನಗೆ ಉಳಿದಿದ್ದು ಒಂಬತ್ತು ಸಾವಿರ.

ಲಯಬಿಲಿಟಿ ಇನ್ಶೂರೆನ್ಸ್‌ನವರು ಮೊದಲು ಕೇಳಿದ್ದೇ, 'ಯಾವ ಕಂಡೀಷನ್ ಮೇಲೆ ಕೆಲಸ ಒಪ್ಕೊಂಡ್ರಿ?' ಅಂತ. ನಮ್ಮ ಕಂಡೀಷನ್‌ನಲ್ಲಿ ಹೊಣೆ ಕಿಲೋಗೆ 2 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಹಣ, ಆಗ ನೂರು ರೂಪಾಯಿಗಿಂತ ಸ್ವಲ್ಪ ಮೇಲಿತ್ತು. 620 ಕಿಲೋಗೆ 1,240 ಎಸ್‌ಡಿಆರ್, ಒಂದೂವರೆ ಲಕ್ಷದೊಳಗೆ. ಪಾಲಿಸಿಯೂ ಆ ಲೆಕ್ಕದ್ದೇ. ಅವರು ಅಷ್ಟು ಕೊಟ್ಟು ಕೈತೊಳೆದುಕೊಂಡರು. ಮಿಕ್ಕಿದ್ದನ್ನು ಚೌಕಾಸಿ ಮಾಡಿ ಇಳಿಸಿ, ಎರಡು ವರ್ಷ ಕಂತು ಕಟ್ಟಿದೆ.

ಆಮೇಲೆ ವಕೀಲರ ಹತ್ತಿರ ಹೋದೆ. ನಮ್ಮ ಕಂಡೀಷನ್ಸ್ ಯಾವುದೋ ಬ್ರಿಟಿಷ್ ಫಾರ್ಮ್‌ನಿಂದ ಇಳಿಸಿಕೊಂಡಿದ್ದು. 'ಒಂಬತ್ತು ತಿಂಗಳಲ್ಲಿ ಕೇಸು ಹಾಕದಿದ್ದರೆ ಹಕ್ಕು ಹೋಯಿತು' ಅನ್ನುವ ಸಾಲು ನೋಡಿ ಅವರು ನಕ್ಕರು. ಕರಾರು ಕಾಯ್ದೆಯ 28ನೇ ಸೆಕ್ಷನ್‌ಗೆ 1997ರಲ್ಲಿ ತಿದ್ದುಪಡಿ ಆದ ಮೇಲೆ ಅಂಥ ಸಾಲು ಇಲ್ಲಿ ನಡೆಯಲ್ಲ. ಹಡಗು, ರೈಲು, ಲಾರಿ ಹೀಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಸಾಗುವ ಮಾಲಿನ 1993ರ ಮಲ್ಟಿಮೋಡಲ್ ಕಾಯ್ದೆ ಒಂಬತ್ತು ತಿಂಗಳನ್ನೂ ತೂಕದ ಮಿತಿಯನ್ನೂ ತಾನೇ ಕೊಡುತ್ತದೆ, ನಿಜ. ಆದರೆ ಅದು ಭಾರತದಿಂದ ಹೊರಗೆ ಹೋಗುವ ಮಾಲಿಗೆ. ನನ್ನ ಸ್ಪಿಂಡಲ್ ಒಳಗೆ ಬಂದದ್ದು.

ಲೀನ್ ವಿಷಯ ಇನ್ನೂ ಕಷ್ಟ. ಹಳೇ ಬಾಕಿಗಾಗಿ ಕೈಲಿರುವ ಮಾಲು ಹಿಡಿದಿಟ್ಟುಕೊಳ್ಳುವ ಈ ಹಕ್ಕು ಕರಾರು ಕಾಯ್ದೆಯ 171ನೇ ಸೆಕ್ಷನ್‌ನಲ್ಲಿ ಬ್ಯಾಂಕರ್, ವಾರ್ಫಿಂಜರ್ (ಹಡಗುಕಟ್ಟೆ ನಡೆಸುವವರು) ಇಂಥ ಕೆಲವರಿಗೆ ತಾನಾಗೇ ಇದೆ. ಆ ಪಟ್ಟಿಯಲ್ಲಿ ಫಾರ್ವರ್ಡರ್ ಇಲ್ಲ. ಬೇಕಾದರೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಇಷ್ಟು ವರ್ಷ ಬಾಕಿದಾರರಿಗೆ ಸುಮ್ನೆ ಹೆದರಿಸುತ್ತಿದ್ದೆ ಅಂತ ಅವತ್ತು ಗೊತ್ತಾಯ್ತು.

ಈಗ ಕ್ರೆಡಿಟ್ ಕೊಡುವ ಮೊದಲೇ ಗಿರಾಕಿ ಕಂಡೀಷನ್ಸ್‌ಗೆ ಸಹಿ ಹಾಕಬೇಕು. ಕೊಟೇಶನ್‌ನ ಮೊದಲ ಪುಟದಲ್ಲೇ, ರೇಟಿನ ಕೆಳಗೆ ಆ ಸಾಲು ಇರುತ್ತೆ. ಪಿಒದಲ್ಲಿ ಅವರ ಷರತ್ತು ಬಂದರೆ, ಬುಕಿಂಗ್‌ಗೆ ಮುಂಚೆ ಮೇಲ್ ಹೋಗಬೇಕು: 'ನಮ್ಮ ಕಂಡೀಷನ್ಸ್ ಮೇಲೆ ಮಾತ್ರ ಈ ಆರ್ಡರ್ ತಗೊಳ್ತೇವೆ, ಒಪ್ಪಿಗೆ ತಿಳಿಸಿ.' ಒಪ್ಪಿಗೆ ಬರುವವರೆಗೆ ಬುಕಿಂಗ್ ಇಲ್ಲ. ಹುಡುಗರಿಗೆ ಇದು ಅಭ್ಯಾಸವಾಗಲು ಒಂದು ವರ್ಷ ಬೇಕಾಯಿತು.

ದೊಡ್ಡ ಕಂಪನಿಗಳ ಜೊತೆ ಇಷ್ಟು ಸಲೀಸಲ್ಲ. ನಲವತ್ತು ಪುಟದ ಅಗ್ರಿಮೆಂಟ್ ಅವರೇ ಕಳಿಸುತ್ತಾರೆ. ಸಾಲುಸಾಲಿಗೂ ಜಗಳ ಆಡಿದರೆ ಬಿಸಿನೆಸ್ ಇರಲ್ಲ. ಡೆಲಿವರಿ ರಿಪೋರ್ಟ್, ಆರು ತಿಂಗಳು ರೇಟ್ ಲಾಕ್, ತಿಂಗಳಿಗೊಂದು ಮೀಟಿಂಗ್, ಕೇಳಿದ್ದೆಲ್ಲ ಕೊಡುತ್ತೇನೆ. ಹೊಣೆಯ ಮಿತಿ, ಪರೋಕ್ಷ ನಷ್ಟ, ಲೀನ್, ಈ ಮೂರು ಕೊಡಲ್ಲ. ಎರಡು ಕಾಗದಕ್ಕೂ ತಾಳೆಯಾಗದಿದ್ದರೆ ನಮ್ಮದೇ ಮೇಲು ಅನ್ನುವ ಒಂದು ಸಾಲು ಸೇರಿಸಿದರೆ ಸಾಕು, ಅವರ ನಲವತ್ತು ಪುಟ ಹಾಗೇ ಇರಲಿ.

ಪರ್ಚೇಸ್‌ನವರ ಹತ್ತಿರ ಕಾನೂನು ಮಾತಾಡಬಾರದು. 'ನಮ್ಮ ಲೀಗಲ್ ಒಪ್ಪಲ್ಲ ಸಾರ್' ಅಂತಾರೆ, ಮಾತು ಮುಗೀತು. ನಾನು ಏರ್‌ವೇ ಬಿಲ್ (ವಿಮಾನದ ಸಾಗಣೆ ಪತ್ರ) ತೆಗೆದು ಮೇಜಿನ ಮೇಲಿಡುತ್ತೇನೆ. ವಿಮಾನ ಸಾಗಣೆಯ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದಲ್ಲಿ ಏರ್‌ಲೈನ್ ಹೊಣೆ ಕಿಲೋಗೆ 26 ಎಸ್‌ಡಿಆರ್, 2024ರ ಕೊನೆಯವರೆಗೆ 22 ಇತ್ತು. 'ಮೇಲಿಂದ ನನಗೆ ಇಷ್ಟೇ ಸಿಗೋದು, ಅಷ್ಟನ್ನು ನಿಮಗೆ ಕೊಡ್ತೀನಿ. ಮಿಕ್ಕಿದ್ದಕ್ಕೆ ಕಾರ್ಗೋ ಇನ್ಶೂರೆನ್ಸ್ ಮಾಡ್ಸಿ, ಪ್ರೀಮಿಯಂ ಎಷ್ಟಾಗುತ್ತೆ ಹೇಳ್ಲಾ?' ಪ್ರೀಮಿಯಂ ಕೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ. ಇನ್ನರ್ಧ ಜನ ಬೇರೆ ಫಾರ್ವರ್ಡರ್ ಹತ್ತಿರ ಹೋಗುತ್ತಾರೆ. ಹೋದವರಲ್ಲಿ ಎರಡು ಒಳ್ಳೇ ಅಕೌಂಟ್ ಇದ್ದವು, ಹೊಟ್ಟೆ ಉರಿದಿದ್ದು ಸುಳ್ಳಲ್ಲ.

ಸದ್ಯ ಒಂದು ಅಗ್ರಿಮೆಂಟ್ ಏಳನೇ ಡ್ರಾಫ್ಟ್‌ನಲ್ಲಿದೆ. ಉಳಿದಿದ್ದೆಲ್ಲ ಆಗಿದೆ, ಲೀನ್ ಒಂದು ಬಾಕಿ. ಗಿರಾಕಿ ಆ ಸಾಲನ್ನು ಪೂರ್ತಿ ಹೊಡೆದುಹಾಕಿದರು. ನಾನು ಮತ್ತೆ ಬರೆದೆ. ಅವರು 'ಆ ಶಿಪ್‌ಮೆಂಟ್‌ನ ಬಾಕಿಗೆ ಮಾತ್ರ' ಅಂತ ತಿದ್ದಿದರು. 'ಮಾತ್ರ' ಅನ್ನುವ ಪದವನ್ನು ಹೊಡೆದುಹಾಕಿ ನಿನ್ನೆ ಸಂಜೆ ವಾಪಸ್ ಕಳಿಸಿದ್ದೇನೆ.