ಹೈವೇಯಲ್ಲಿ ನನ್ನ ಎಲೆಕ್ಟ್ರಿಕ್ ಕಾರು ಎಷ್ಟು ದೂರ ಓಡುತ್ತದೆ: ನಾನೇ ಅಳೆದು ನೋಡಿದ್ದು

ಹೊರಡುವಾಗ ಬ್ಯಾಟರಿ ಫುಲ್ ಇತ್ತು. ಡಿಸ್‌ಪ್ಲೇ 340 ಕಿಲೋಮೀಟರ್ ತೋರಿಸುತ್ತಿತ್ತು. ನನಗೆ ಹೋಗಬೇಕಿದ್ದದ್ದು 260. ಧಾರಾಳವಾಗಿ ಸಾಕು ಅಂದುಕೊಂಡು ಹೈವೇಯಲ್ಲಿ 120ರ ವೇಗ ಹಿಡಿದೆ. 150 ಕಿಲೋಮೀಟರ್ ಆಗುವಷ್ಟರಲ್ಲಿ ಬ್ಯಾಟರಿ 34 ಪರ್ಸೆಂಟ್‌ಗೆ ಇಳಿದಿತ್ತು. ಇನ್ನೂ 110 ಕಿಲೋಮೀಟರ್ ಬಾಕಿ, ನಡುವೆ ಎಲ್ಲೂ ಚಾರ್ಜರ್ ಇಲ್ಲ. ನಿಧಾನದ ಲೇನ್‌ಗೆ ಬಂದು 80ಕ್ಕೆ ಇಳಿಸಿದೆ. ತಲುಪಿದಾಗ ಉಳಿದಿದ್ದು 4 ಪರ್ಸೆಂಟ್.

ಆ 110 ಕಿಲೋಮೀಟರ್ ನನಗೆ ಬಹಳ ಕಲಿಸಿತು. ಅದೇ ಕಾರು, ಅದೇ ದಾರಿ, ಅದೇ ದಿನ. ವೇಗ ಒಂದು ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ! ಡಿಸ್‌ಪ್ಲೇಯ ಅಂದಾಜು ಯಾಕೆ ತಪ್ಪಿತು ಅನ್ನುವುದೂ ಆಮೇಲೆ ಹೊಳೆಯಿತು. ಇತ್ತೀಚೆಗೆ ಹೇಗೆ ಓಡಿಸಿದ್ದೀರಿ ಅನ್ನುವುದನ್ನು ನೋಡಿ ಕಾರು ಆ ಲೆಕ್ಕ ಹಾಕುತ್ತದೆ. ನಾನು ಹಿಂದಿನ ವಾರವೆಲ್ಲ ಓಡಿಸಿದ್ದು ಸಿಟಿಯ ಒಳಗೆ. ಮುಂದೆ ಹೈವೇ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಕಂಪನಿ ಹೇಳುವ ಡಬ್ಲ್ಯುಎಲ್‌ಟಿಪಿ ರೇಂಜ್, ಅಂದ್ರೆ ಆ ಹೆಸರಿನ ಲ್ಯಾಬ್ ಪರೀಕ್ಷೆಯ ಪ್ರಕಾರ ಫುಲ್ ಚಾರ್ಜ್‌ಗೆ ಓಡುವ ದೂರ, ಅದು ಕೂಡ ಹೈವೇಯದ್ದಲ್ಲ. ಆ ಪರೀಕ್ಷೆ 30 ನಿಮಿಷದ್ದು, ಸುಮಾರು 23 ಕಿಲೋಮೀಟರ್. ಕೊನೆಯಲ್ಲಿ ಸ್ವಲ್ಪ ಹೊತ್ತು ವೇಗ 130 ದಾಟುತ್ತದೆ ನಿಜ, ಆದರೆ ಸರಾಸರಿ ತೆಗೆದರೆ ಗಂಟೆಗೆ 46 ಕಿಲೋಮೀಟರ್ ಅಷ್ಟೇ.

ಹಾಗಾಗಿ ನಾನೇ ಅಳೆಯಲು ಕೂತೆ. ನನಗೆ ಬೇಕಿದ್ದದ್ದು ಒಂದೇ ಅಂಕಿ: ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಿಲೋಮೀಟರ್. ಪೆಟ್ರೋಲ್ ಕಾರಿಗೆ ಮೈಲೇಜ್ ಇದ್ದ ಹಾಗೆ.

ಸಮತಟ್ಟಾದ ಹೈವೇಯಲ್ಲಿ 50 ಕಿಲೋಮೀಟರಿನ ಒಂದು ಭಾಗ ಆರಿಸಿಕೊಂಡೆ. ಹೋಗಿ, ತಿರುಗಿ ಅದೇ ದಾರಿಯಲ್ಲಿ ಬರುವುದು. ಒಂದೇ ಕಡೆ ಓಡಿಸಿ ಅಳೆದರೆ ಗಾಳಿ, ಇಳಿಜಾರು ಎಲ್ಲ ಸೇರಿ ಲೆಕ್ಕ ಕೆಡುತ್ತದೆ. ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗಲೇ, ಗಾಳಿ ಚೆಕ್ ಮಾಡುತ್ತಿದ್ದೆ. ಎಸಿ 24ರಲ್ಲಿ. ಮೊದಲ ಐದಾರು ಕಿಲೋಮೀಟರ್ ಬಿಟ್ಟು, ವೇಗ ಒಂದೇ ಸಮ ಆದಮೇಲೆ ಟ್ರಿಪ್ ಮೀಟರ್ ಸೊನ್ನೆ ಮಾಡಿ ಕ್ರೂಸ್ ಕಂಟ್ರೋಲ್ ಹಾಕುತ್ತಿದ್ದೆ. ವೇಗವನ್ನು ಫೋನಿನ ಜಿಪಿಎಸ್‌ನಲ್ಲಿ ನೋಡಿದೆ, ಯಾಕಂದ್ರೆ ಸ್ಪೀಡೋಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ದೊಡ್ಡ ಲಾರಿಗಳ ಹಿಂದೆ ಹೋಗಲಿಲ್ಲ. ಲಾರಿ ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಹಿಂದಿರುವ ಕಾರಿಗೆ ಕರೆಂಟ್ ಕಡಿಮೆ ಸಾಕು, ಅಂಕಿ ಸುಮ್ನೆ ಚೆನ್ನಾಗಿ ಬಂದುಬಿಡುತ್ತದೆ. ಒಂದೊಂದು ವೇಗಕ್ಕೂ ಎರಡು ದಿನ ಓಡಿಸಿದೆ.

ನನ್ನ ಕಾರಿನಲ್ಲಿ ಬಳಸಲು ಸಿಗುವ ಬ್ಯಾಟರಿ 45 ಯೂನಿಟ್. 80ರ ವೇಗದಲ್ಲಿ ಯೂನಿಟ್‌ಗೆ 8.2 ಕಿಲೋಮೀಟರ್ ಸಿಕ್ಕಿತು. 100ರಲ್ಲಿ 6.5. 120ರಲ್ಲಿ ಬರೀ 5.1. ಅಂದ್ರೆ ಪೂರ್ತಿ ಬ್ಯಾಟರಿಗೆ 369, 292, 230 ಕಿಲೋಮೀಟರ್.

ಇದಕ್ಕೆ ಮುಖ್ಯ ಕಾರಣ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಸಿಟಿಯಲ್ಲಿ ಬ್ರೇಕ್ ಹಾಕಿದಾಗ ಸ್ವಲ್ಪ ಕರೆಂಟ್ ಬ್ಯಾಟರಿಗೆ ವಾಪಸ್ ಬರುತ್ತದೆ. ಹೈವೇಯಲ್ಲಿ ಬ್ರೇಕ್ ಹಾಕುವುದೇ ಅಪರೂಪ, ಅಲ್ವಾ? ಗಾಳಿಗೆ ಕೊಟ್ಟದ್ದು ವಾಪಸ್ ಬರುವುದಿಲ್ಲ.

ಎದುರುಗಾಳಿಯ ಲೆಕ್ಕವೂ ಇದೇ. 100ರಲ್ಲಿ ಹೋಗುವಾಗ ಎದುರಿನಿಂದ 20ರ ವೇಗದ ಗಾಳಿ ಬೀಸಿದರೆ ಕಾರಿನ ಪಾಲಿಗೆ ಅದು 120ರ ಗಾಳಿ. ತಡೆ 44 ಪರ್ಸೆಂಟ್ ಜಾಸ್ತಿ. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ಬೀಸಿದರೆ ತಡೆ ಕಡಿಮೆ ಆಗುವುದು 36 ಪರ್ಸೆಂಟ್ ಅಷ್ಟೇ. ಹೋಗುವಾಗ ಕಳೆದುಕೊಂಡದ್ದೆಲ್ಲ ಬರುವಾಗ ಸಿಗುವುದಿಲ್ಲ. ಏರುದಾರಿಗೂ ನಾನು ಮೊದಲೇ ಯೂನಿಟ್ ತೆಗೆದಿಡುತ್ತೇನೆ: ನನ್ನ ಕಾರಿನ ತೂಕಕ್ಕೆ ಪ್ರತಿ 100 ಮೀಟರ್ ಎತ್ತರಕ್ಕೆ ಅರ್ಧ ಯೂನಿಟ್. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬಂದರೂ ಅದನ್ನು ನಂಬಿ ಹೊರಡುವುದಿಲ್ಲ. ಚಳಿ ಇದ್ದರೆ ಹೀಟರ್ ಬೇರೆ, ತಣ್ಣನೆಯ ಗಾಳಿ ದಟ್ಟವೂ ಆಗಿರುತ್ತದೆ.

ಇನ್ನೊಂದು ಮಾತು. ದೂರದ ಪ್ರಯಾಣದಲ್ಲಿ ಪೂರ್ತಿ ಬ್ಯಾಟರಿ ಕೈಗೆ ಸಿಗುವುದು ಮೊದಲ ಸಲ ಮಾತ್ರ. ಫಾಸ್ಟ್ ಚಾರ್ಜರ್‌ನಲ್ಲಿ 80 ಪರ್ಸೆಂಟ್ ಆದಮೇಲೆ ಚಾರ್ಜಿಂಗ್ ತುಂಬಾ ನಿಧಾನ ಆಗುತ್ತದೆ, ಕೆಳಗೆ 10 ಪರ್ಸೆಂಟ್ ನಾನು ಮುಟ್ಟುವುದಿಲ್ಲ. ಉಳಿಯುವುದು 31.5 ಯೂನಿಟ್. 100ರ ವೇಗದಲ್ಲಿ ಅದು 205 ಕಿಲೋಮೀಟರ್, 120ರಲ್ಲಿ 161. ಚಾರ್ಜರ್‌ಗಳ ನಡುವಿನ ದೂರವನ್ನು ನಾನು ಈ ಅಂಕಿಗೇ ಹೋಲಿಸುತ್ತೇನೆ. ಕಂಪನಿಯ ಅಂಕಿಯನ್ನು ತಿರುಗಿಯೂ ನೋಡುವುದಿಲ್ಲ.

ಕಳೆದ ತಿಂಗಳು ಮೇಲ್ಗಡೆ ಲಗೇಜ್ ಬಾಕ್ಸ್ ಕಟ್ಟಿ ಅದೇ 50 ಕಿಲೋಮೀಟರ್ ಮತ್ತೆ ಓಡಿಸಿದೆ. 100ರಲ್ಲಿ 6.5 ಇದ್ದದ್ದು 5.6ಕ್ಕೆ ಇಳಿಯಿತು. ಬಾಕ್ಸ್ ಖಾಲಿಯೇ ಇತ್ತು. ಮನೆಗೆ ಬಂದ ತಕ್ಷಣ ಬಿಚ್ಚಿಟ್ಟೆ. ಮಳೆಯಲ್ಲಿ ಎಷ್ಟು ಬರುತ್ತದೆ ಅನ್ನುವುದನ್ನು ಇನ್ನು ಅಳೆಯಬೇಕು.