ಮೂವತ್ತನಾಲ್ಕು ಅಡಿಕೆಯಲ್ಲಿ ಮಂತ್ರಿಮಂಡಲ

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಎಸ್‌ಡಿಎ, ಪಿಡಿಒ ಥರದ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವವರಿಗೆ ಪಾಠ ಮಾಡುತ್ತೇನೆ. ರಾಜ್ಯದ ಮಂತ್ರಿಮಂಡಲದ ಪಾಠ ಬಂತೆಂದರೆ ಮೊದಲೆಲ್ಲ ನಾನೂ ಹೆಸರು, ಖಾತೆ ಬರೆಸಿ ಬಾಯಿಪಾಠ ಮಾಡಿ ಅನ್ನುತ್ತಿದ್ದೆ. 2018ರಲ್ಲಿ ಸಮ್ಮಿಶ್ರ ಸರ್ಕಾರ ಬಂದಾಗ ಹುರುಪು ಜಾಸ್ತಿಯಾಗಿ, ಎಲ್ಲ ಮಂತ್ರಿಗಳ ಫೋಟೊ ಹಾಕಿಸಿ ದೊಡ್ಡ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹೊಡೆದೆ. ಅಕ್ಟೋಬರ್‌ನಲ್ಲಿ ಎನ್. ಮಹೇಶ್ ರಾಜೀನಾಮೆ ಕೊಟ್ಟರು. ಬಿಳಿ ಹಾಳೆ ಅಂಟಿಸಿದೆ. ಡಿಸೆಂಬರ್‌ನಲ್ಲಿ ಇಬ್ಬರನ್ನು ಕೈಬಿಟ್ಟು 8 ಜನರನ್ನು ಸೇರಿಸಿಕೊಂಡರು. ಇನ್ನಷ್ಟು ಹಾಳೆ. 2019ರ ಜುಲೈ 23ಕ್ಕೆ ವಿಶ್ವಾಸಮತದಲ್ಲಿ ಸರ್ಕಾರವೇ ಬಿತ್ತು. ಆ ಮಳೆಗಾಲ ಪೂರ್ತಿ ಫ್ಲೆಕ್ಸು ನಮ್ಮನೆ ಸೌದೆ ಮೇಲೆ ಬೋರಲಾಗಿ ಮಲಗಿತ್ತು. ಆ ಕೆಲಸಕ್ಕೆ ಮಾತ್ರ ಗಟ್ಟಿಮುಟ್ಟಾಗಿತ್ತು, ಒಂದು ಹನಿ ಒಳಗೆ ಬಿಡಲಿಲ್ಲ.

ಮೂರೇ ದಿನಕ್ಕೆ, ಜುಲೈ 26ಕ್ಕೆ, ಶಿಕಾರಿಪುರದ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಒಬ್ಬರೇ. ಆಗಸ್ಟ್ 20ರವರೆಗೆ ಇನ್ಯಾರೂ ಪ್ರಮಾಣವಚನ ತೆಗೆದುಕೊಳ್ಳಲಿಲ್ಲ. ಹೊರಗೆ ತುಂಗೆ ತುಂಬಿ ಹರಿಯುತ್ತಿದೆ, ಒಳಗೆ ನನ್ನ ಬೋರ್ಡ್ ಮೇಲೆ ಒಂದೇ ಹೆಸರು. ಒಬ್ಬ ಹುಡುಗ ಕೇಳಿದ, "ಸರ್, ಕನಿಷ್ಠ 12 ಜನ ಇರಬೇಕು ಅಂತ ನೀವೇ ಬರೆಸಿದ್ರಲ್ವಾ?" ಏನೋ ಹಾರಿಕೆ ಉತ್ತರ ಕೊಟ್ಟು ಮನೆಗೆ ಬಂದು, ಸಂವಿಧಾನದ 164ನೇ ವಿಧಿ ತೆಗೆದು ನಿಧಾನಕ್ಕೆ ಓದಿದೆ. 12ಕ್ಕಿಂತ ಕಡಿಮೆ ಇರಬಾರದು ಅಂತ ಇದೆ, ನಿಜ. ಅಧಿಕಾರಕ್ಕೆ ಬಂದು ಎಷ್ಟು ದಿನದೊಳಗೆ ಅಂತ ಆ ಸಾಲಿನಲ್ಲಿ ಇಲ್ಲ. ಇಷ್ಟು ವರ್ಷ ಇದನ್ನೇ ಬರೆಸಿ, ಒಂದು ಸಲವೂ ನನಗೆ ಈ ಅನುಮಾನ ಬಂದಿರಲಿಲ್ಲ.

ಅವತ್ತಿಂದ ಪಾಠದ ರೀತಿ ಬದಲಾಯಿಸಿದೆ. ಹೆಸರು ಕೊನೆಗೆ, ಲೆಕ್ಕ ಮೊದಲು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಜಂಬೋ ಸಂಪುಟಗಳ ಕಾಟ ಜಾಸ್ತಿಯಾಗಿ 2003ರಲ್ಲಿ 91ನೇ ತಿದ್ದುಪಡಿ ಬಂತು, ಮುಖ್ಯಮಂತ್ರಿ ಸೇರಿ ಮಂತ್ರಿಗಳು ವಿಧಾನಸಭೆಯ ಬಲದ ಶೇ 15 ದಾಟಬಾರದು ಅಂತಾಯಿತು. ಲೆಕ್ಕ ಹಾಕಿದರೆ 33.6. ಇಲ್ಲಿ ಹುಡುಗರು ಯಾವಾಗಲೂ ನಗುತ್ತಾರೆ, ಆ ಪಾಯಿಂಟ್ ಆರು ಮಂತ್ರಿ ಯಾರು ಸರ್ ಅಂತ. ಕರ್ನಾಟಕದಲ್ಲಿ 34 ಅಂತ ನಡೆದುಕೊಂಡು ಬಂದಿದೆ. ರಾಜ್ಯ ಸಚಿವರನ್ನು ಮಾಡಿದರೆ ಅವರೂ ಈ ಲೆಕ್ಕದೊಳಗೇ ಬರುತ್ತಾರೆ, ಅದನ್ನು ಬಹಳ ಜನ ಮರೆಯುತ್ತಾರೆ.

2023ರಲ್ಲಿ ಗೋಡೆಗೆ ಏನೂ ಹೊಡೆಯಲಿಲ್ಲ. ಮೇಜಿನ ಮೇಲೆ ರಾಜ್ಯದ ನಕ್ಷೆ ಹಾಸಿ, ಡಬ್ಬದಲ್ಲಿ 34 ಅಡಿಕೆ ಎಣಿಸಿ ಇಟ್ಟೆ. ಮುಖ್ಯಮಂತ್ರಿಗೆ ಎಲ್ಲಕ್ಕಿಂತ ದುಬಾರಿ ಅಡಿಕೆಯಾದ ಸರಕು, ಉಳಿದವರಿಗೆಲ್ಲ ಅಗ್ಗದ ರಾಶಿ; ಬೆಟ್ಟೆ ಇವೆರಡರ ನಡುವಿನದು. "ಡಿಸಿಎಂಗೆ ಬೆಟ್ಟೆ ಆದ್ರೂ ಕೊಡಿ ಸರ್" ಅಂದರು. ಸಂವಿಧಾನದಲ್ಲಿ ಉಪಮುಖ್ಯಮಂತ್ರಿ ಅನ್ನೋ ಹುದ್ದೆಯೇ ಇಲ್ಲ, ಕಾನೂನಿನ ಕಣ್ಣಿಗೆ ಅವರೂ ಒಬ್ಬ ಮಂತ್ರಿ, ರಾಶಿಯೇ ಸಾಕು ಅಂದೆ. (ಪರೀಕ್ಷೆಯಲ್ಲಿ ಇದು ಬಂದೇ ಬರುತ್ತದೆ, ಬರೆದಿಟ್ಟುಕೊಳ್ಳಿ.)

ಮೇ 20ರಂದು ಕಂಠೀರವ ಸ್ಟೇಡಿಯಂನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಮತ್ತು 8 ಜನ. ನಕ್ಷೆ ಮೇಲೆ 10 ಅಡಿಕೆ. ಉಳಿದ 24 ಯಾರಿಗೆ ಅಂತ ನೀವೇ ಇಡಿ ಅಂದೆ. ಷರತ್ತು ನಾಲ್ಕು ಹಾಕಿದ್ದೆ: ಜಿಲ್ಲೆ ನೋಡಬೇಕು, ಜಾತಿ ನೋಡಬೇಕು, ಹಿರಿಯರು ಮುನಿಸಿಕೊಳ್ಳಬಾರದು, ಹೆಣ್ಣುಮಕ್ಕಳು ಇರಬೇಕು. ಅರ್ಧ ಗಂಟೆಯಲ್ಲಿ ಜಗಳ ಶುರು. ಶಿವಮೊಗ್ಗದ 7 ಕ್ಷೇತ್ರದಲ್ಲಿ ಕಾಂಗ್ರೆಸ್ ಗೆದ್ದಿದ್ದು 3, ಭದ್ರಾವತಿ, ಸಾಗರ, ಸೊರಬ. ಎರಡಾದರೂ ಬೇಕು ಅಂತ ಇವರ ಹಟ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಅಂತ ಮುಖ್ಯಮಂತ್ರಿಗಳನ್ನೇ ಕೊಟ್ಟ ಜಿಲ್ಲೆಯವರಿಗೆ ಒಂದು ಅಡಿಕೆ ಎಲ್ಲಿ ಸಾಕಾಗಬೇಕು! ಎಲ್ಲರನ್ನೂ ಸಮಾಧಾನ ಮಾಡಿ ಎಣಿಸಿದರೆ 41 ಆಗಿತ್ತು. ಡಬ್ಬ ಯಾವಾಗಲೋ ಖಾಲಿಯಾಗಿ, ಪೆನ್ನಿನ ಮುಚ್ಚಳ, ಚಾಕ್ ಚೂರು ಎಲ್ಲ ಮಂತ್ರಿಗಳಾಗಿದ್ದವು.

ಮೇ 27ಕ್ಕೆ ನಿಜವಾದ ಪಟ್ಟಿ ಬಂತು. ಬೆಂಗಳೂರು ನಗರಕ್ಕೇ 6. ಮಹಿಳೆ ಒಬ್ಬರೇ, ಲಕ್ಷ್ಮಿ ಹೆಬ್ಬಾಳ್ಕರ್. ನಮಗೆ ಸೊರಬದ ಮಧು ಬಂಗಾರಪ್ಪ, ಆಮೇಲೆ ಶಾಲಾ ಶಿಕ್ಷಣದ ಖಾತೆ. ಕೊಪ್ಪದಿಂದ ಬಸ್ಸಲ್ಲಿ ಬರುವ ಹುಡುಗಿ ಚಿಕ್ಕಮಗಳೂರಿನ ಮೇಲೆ ಬೆರಳಿಟ್ಟು ಕೂತೇಬಿಟ್ಟಳು. ಐದಕ್ಕೆ ಐದೂ ಕ್ಷೇತ್ರ ಗೆಲ್ಲಿಸಿದ ಜಿಲ್ಲೆ, ಒಂದು ಅಡಿಕೆಯೂ ಇಲ್ಲ. ಉಸ್ತುವಾರಿ ಬೆಂಗಳೂರಿನ ಕೆ.ಜೆ. ಜಾರ್ಜ್ ಅವರಿಗೆ. ಕೊಡಗಿನದ್ದೂ ಅದೇ ಕಥೆ, ಎರಡಕ್ಕೆ ಎರಡು ಗೆದ್ದೂ ಖಾಲಿ. ಈ ಸಿಟ್ಟಿನಲ್ಲಿ ಅವಳು ಆ ಪಟ್ಟಿಯನ್ನು ಎಷ್ಟು ಸಲ ತಿರುವಿ ಹಾಕಿದಳೆಂದರೆ, ಬಾಯಿಪಾಠ ಮಾಡದೆಯೇ 34 ಹೆಸರೂ ಬಂತು.

ಅದೇ ಪಟ್ಟಿಯಲ್ಲಿ ಇನ್ನೊಂದು ಸಿಕ್ಕಿತು. ಎನ್.ಎಸ್. ಬೋಸರಾಜು ಆಗ ಯಾವ ಸದನದ ಸದಸ್ಯರೂ ಅಲ್ಲ. ನಕ್ಷೆಯಲ್ಲಿ ಅವರ ಅಡಿಕೆಯನ್ನು ಅಂಚಿಗೆ ಇಟ್ಟೆವು. ಆರು ತಿಂಗಳೊಳಗೆ ಒಂದು ಸದನಕ್ಕೆ ಬರಬೇಕು, ಇಲ್ಲದಿದ್ದರೆ ಮಂತ್ರಿಗಿರಿ ಹೋಗುತ್ತದೆ. ಮುಂದಿನ ತಿಂಗಳೇ ಅವರು ಪರಿಷತ್ತಿಗೆ ಬಂದರು, ಅಡಿಕೆಯನ್ನು ಒಳಗೆ ತಳ್ಳಿದೆವು. 2019ರಲ್ಲಿ ಲಕ್ಷ್ಮಣ ಸವದಿ ಡಿಸಿಎಂ ಆದಾಗಲೂ ಹೀಗೇ ಆಗಿತ್ತು. ಆಗ ನನಗೆ ಈ ಅಡಿಕೆ ಬುದ್ಧಿ ಬಂದಿರಲಿಲ್ಲ.

ಹೆಸರು, ಖಾತೆ ಈಗಲೂ ಬರೆಸುತ್ತೇನೆ, ಪೆನ್ಸಿಲ್ಲಿನಲ್ಲಿ. ಅದೂ ರಾಜ್ಯಪಾಲರ ಆದೇಶ ಹೊರಬಿದ್ದ ಮೇಲೆ. ಪ್ರಮಾಣವಚನದ ರಾತ್ರಿ ಮೊಬೈಲಿಗೆ ಬರುವ ಖಾತೆ ಪಟ್ಟಿ ನಂಬಿ ಒಂದು ಬ್ಯಾಚಿಗೆ ಪೂರ್ತಿ ತಪ್ಪು ಬರೆಸಿ, ಮಾರನೇ ವಾರ ರಬ್ಬರ್ ಹಂಚಿದವನು ನಾನು.

2025ರ ಆಗಸ್ಟ್‌ನಲ್ಲಿ ಕೆ.ಎನ್. ರಾಜಣ್ಣ ಅವರನ್ನು ಸಂಪುಟದಿಂದ ತೆಗೆದ ಸುದ್ದಿ ಬಂದಾಗ ಕರೆಂಟ್ ಇರಲಿಲ್ಲ. ಹೊಸ ಬ್ಯಾಚಿನ ಹುಡುಗನೊಬ್ಬ ಮೊಬೈಲ್ ಟಾರ್ಚ್ ಹಾಕಿ, ಯಾರೂ ಹೇಳದೆ, ತುಮಕೂರಿನ ಮೇಲಿದ್ದ ಎರಡರಲ್ಲಿ ಒಂದನ್ನು ಎತ್ತಿ ಡಬ್ಬಕ್ಕೆ ಹಾಕಿದ. ಟಣ್ ಅಂತು. ಬಳ್ಳಾರಿಯ ನಾಗೇಂದ್ರ ಅವರದ್ದು ಹಿಂದಿನ ವರ್ಷದಿಂದ ಅಲ್ಲೇ ಇತ್ತು.