ಬೇಸಿಗೆಯಲ್ಲಿ ನಾಯಿಯ ಜೊತೆ ಗಡ ಹತ್ತುವುದು ಹೇಗೆ?

ಶಾಲೆಗಳಿಗೆ ರಜೆ ಬಿತ್ತೆಂದರೆ ಪುಣೆಯವರ ಭಾನುವಾರಗಳು ಹತ್ತಿರದ ಗಡ, ಅಂದರೆ ಬೆಟ್ಟದ ಕೋಟೆ, ಸಿಂಹಗಡದ ಕಡೆ ಹೊರಳುತ್ತವೆ. ಮನೆಯಲ್ಲಿ ನಾಯಿಯಿದ್ದರೆ ಅದನ್ನೂ ಕರೆದೊಯ್ಯಬೇಕೆಂಬ ಆಸೆ ಸಹಜ. ಹೊಸ ವಾಸನೆ, ಮಣ್ಣಿನ ದಾರಿ, ಮನೆಮಂದಿಯ ಜೊತೆ ನಾಲ್ಕು ತಾಸು. ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ನಾಯಿ ತಾನಾಗಿ ಸಾಕು ಎನ್ನುವುದಿಲ್ಲ. ನೀವು ಹತ್ತುತ್ತಿರುವಷ್ಟು ಹೊತ್ತು ಅದೂ ಹತ್ತುತ್ತದೆ, ಮೈ ಸೋತಾಗ ನೇರವಾಗಿ ಕುಸಿಯುತ್ತದೆ. ಹೊತ್ತು, ನೀರು, ಉಸಿರು ಈ ಮೂರರ ಲೆಕ್ಕವನ್ನು ನೀವೇ ಇಡಬೇಕು.

ಕಾರಣ ಅದರ ಮೈಯಲ್ಲೇ ಇದೆ. ನಮಗೆ ಮೈಯೆಲ್ಲ ಬೆವರುತ್ತದೆ, ನಾಯಿಗೆ ಬೆವರುವುದು ಹೆಚ್ಚುಕಡಿಮೆ ಪಾದದಡಿಯಲ್ಲಿ ಮಾತ್ರ. ಉಳಿದ ಕಾವನ್ನೆಲ್ಲ ಅದು ತೇಕಿಯೇ ಹೊರಹಾಕಬೇಕು. ನಾಲಗೆ, ಬಾಯಿ, ಮೂಗಿನ ಒಳಗಿನ ತೇವ ಆವಿಯಾದಾಗ ಅಲ್ಲಿ ಹರಿಯುವ ರಕ್ತ ತಣಿಯುತ್ತದೆ. ಗಾಳಿ ಒಣಗಿದ್ದರೆ ಈ ಕೆಲಸ ಸಲೀಸು, ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಯಾಗುವುದೇ ಕಷ್ಟ. ಪುಣೆಯ ಒಣ ಬೆಳಗಿನಲ್ಲಿ ನಿರಾಳವಾಗಿ ಓಡುವ ನಾಯಿ ಅಷ್ಟೇ ಉಷ್ಣಾಂಶದ ಮುಂಬೈಯಲ್ಲೋ ಪಣಜಿಯಲ್ಲೋ ಬೇಗ ಸುಸ್ತಾಗುವುದು ಇದಕ್ಕೇ. ಮೇ ಕೊನೆಯ ವಾರ ಮೋಡ ಕವಿದು ಸೆಕೆ ಶುರುವಾದರೆ ಪುಣೆಯಲ್ಲೂ ಇದೇ ಪಾಡು. ಬಿಸಿಲಿಲ್ಲವಲ್ಲ ಎಂದು ಆ ದಿನ ಹೊರಡುವವರೇ ಹೆಚ್ಚು ಮೋಸ ಹೋಗುತ್ತಾರೆ.

ಯಾವ ನಾಯಿ ಬರಬಹುದು?

ಪಗ್, ಶಿಟ್ಸು, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವನ್ನು ಬೇಸಿಗೆಯಲ್ಲಿ ಗಡಕ್ಕೆ ಒಯ್ಯಲೇಬೇಡಿ. ಅವುಗಳ ಉಸಿರಿನ ದಾರಿಯೇ ಇಕ್ಕಟ್ಟು, ಎಷ್ಟು ತೇಕಿದರೂ ಸಾಲುವುದಿಲ್ಲ. ಹಸ್ಕಿ, ಸೇಂಟ್ ಬರ್ನಾರ್ಡ್ ಹಿಮದ ನಾಡಿನವು. ಬೊಜ್ಜು ಬಂದ ಲ್ಯಾಬ್ರಡಾರ್ ಮೊದಲು ತೂಕ ಇಳಿಸಲಿ. ಒಂದು ವರ್ಷ ತುಂಬದ ಮರಿಗೆ ಉದ್ದ ಏರು ಬೇಡ, ಎಲುಬಿನ ಕೀಲು ಇನ್ನೂ ಗಟ್ಟಿಯಾಗಿರುವುದಿಲ್ಲ. ದೊಡ್ಡ ತಳಿಗಳಿಗೆ ಒಂದೂವರೆ ವರ್ಷ ಆಗಲಿ.

ನಮ್ಮ ಬೀದಿಯಿಂದ ತಂದು ಸಾಕಿದ ದೇಸಿ ನಾಯಿ ಈ ಹವೆಗೆ ಹೇಳಿ ಮಾಡಿಸಿದ್ದು. ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕೆಲವರ ಮನೆಯಲ್ಲಿ ಮುಧೋಳ ನಾಯಿ ಇರುತ್ತದೆ. ಸಣಕಲು ಮೈ, ಕಿರಿದಾದ ಕೂದಲು, ಬಿಸಿಲಿಗೆ ಅದೂ ಚೆನ್ನಾಗಿ ಬಾಳುತ್ತದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ಜಾತಿ. ಪೊದೆಯಿಂದ ಮೊಲವೊಂದು ಹಾರಿದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ, ಕಡಿದಾದ ಅಂಚೂ ಕಾಣುವುದಿಲ್ಲ. ಅದನ್ನು ಎಲ್ಲಿಯೂ ಹಗ್ಗದಿಂದ ಬಿಡಬೇಡಿ.

ಕೂದಲು ದಟ್ಟವಾಗಿರುವ ನಾಯಿಗೆ ತಂಪಾಗಲೆಂದು ಬೋಳಿಸುವುದು ತಪ್ಪು. ಮೇಲಿನ ಕೂದಲು ಬಿಸಿಲನ್ನು ತಡೆಯುತ್ತದೆ. ಬ್ರಶ್ ಹಾಕಿ ಒಳಗಿನ ಸತ್ತ ಉಣ್ಣೆಯನ್ನಷ್ಟೇ ತೆಗೆಯಿರಿ.

ಮೊದಲು ಟೇಕಡಿ (ಗುಡ್ಡ), ಆಮೇಲೆ ಗಡ

ಮೂರು ವಾರದ ತಯಾರಿ ಬೇಕು. ಮೊದಲ ವಾರ ಪುಣೆ ಊರೊಳಗಿನ ಗುಡ್ಡಗಳಾದ ವೇತಾಳ ಟೇಕಡಿಯಲ್ಲೋ ತಳಜಾಯಿಯಲ್ಲೋ ಬೆಳಿಗ್ಗೆ ಅರ್ಧ ತಾಸು, ದಿನ ಬಿಟ್ಟು ದಿನ. ಎರಡನೆಯ ವಾರ ಮುಕ್ಕಾಲು ತಾಸು, ಒಂದು ಒಳ್ಳೆಯ ಏರು ಸೇರಲಿ. ಮೂರನೆಯ ವಾರ ಒಂದೂವರೆ ತಾಸು, ಗಡಕ್ಕೆ ಒಯ್ಯುವ ಅದೇ ಹಾರ್ನೆಸ್ (ಎದೆಪಟ್ಟಿ) ಹಾಕಿ. ಕಂಕುಳಲ್ಲಿ ಪಟ್ಟಿ ಉಜ್ಜಿ ಕೆಂಪಗಾಗುತ್ತದೆಯೇ ಎಂಬುದು ಆಗಲೇ ಗೊತ್ತಾಗಲಿ. ಪಾದದ ಮೆತ್ತೆ ಗಟ್ಟಿಯಾಗುವುದೂ ಈ ಮೂರು ವಾರದಲ್ಲೇ. ಮಾರ್ಬಲ್ ನೆಲದ ಮೇಲೆ ಓಡಾಡಿದ ಮೆತ್ತೆ ಗಡದ ಕಲ್ಲಿಗೆ ಒಂದೇ ದಿನದಲ್ಲಿ ಸಿಪ್ಪೆ ಏಳುತ್ತದೆ. ಹಿಂದಿನ ದಿನ ಸ್ನಾನ ಮಾಡಿಸಿದರೂ ಮೆತ್ತೆ ಮೆದುವಾಗುತ್ತದೆ, ಬೇಡ. ಉಗುರು ಕತ್ತರಿಸುವುದಿದ್ದರೆ ಒಂದು ವಾರ ಮೊದಲೇ ಮುಗಿಸಿ.

ವೇತಾಳ ಟೇಕಡಿಯಲ್ಲಿ ನವಿಲುಗಳಿವೆ. ಬೇಸಿಗೆ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಕಾಲವೂ ಹೌದು. ಅಲ್ಲಿಯೂ ನಾಯಿ ಹಗ್ಗದಲ್ಲೇ ಇರಲಿ.

ಪಶುವೈದ್ಯರ ಬಳಿ ಈ ಅವಧಿಯಲ್ಲೇ ಹೋಗಿಬನ್ನಿ. ರೇಬೀಸ್ ಲಸಿಕೆ, ಇಲಿಜ್ವರದ ಲಸಿಕೆ ಎರಡನ್ನೂ ಹಾಕಿಸಿ ಒಂದು ವರ್ಷ ದಾಟಿಲ್ಲವೇ ನೋಡಿಸಿ. ಗಡದ ಮೇಲಿನ ನಿಂತ ನೀರಿಗೆ ದನ, ಇಲಿ, ಮಂಗ ಎಲ್ಲವೂ ಬಾಯಿ ಹಾಕಿರುತ್ತವೆ. ಉಣ್ಣಿ ತಡೆಯುವ ಮಾತ್ರೆ ಕೊಡಿಸಿ. ಬೆನ್ನಿಗೆ ಹಾಕುವ ಹನಿಮದ್ದಾದರೆ ಅದಕ್ಕೂ ಸ್ನಾನಕ್ಕೂ ಎರಡು ದಿನ ಅಂತರವಿರಲಿ, ಇಲ್ಲದಿದ್ದರೆ ಮದ್ದು ಚರ್ಮದಲ್ಲಿ ಹರಡುವುದಿಲ್ಲ.

ಎಲ್ಲಿಗೆ ಹೋಗಬೇಕು, ಎಲ್ಲಿಗೆ ಬೇಡ

ಅಭಯಾರಣ್ಯಗಳಿಗೆ ಸಾಕುನಾಯಿ ಬೇಡ. ಭೀಮಾಶಂಕರ, ತಾಮ್ಹಿಣಿ, ಕಳಸೂಬಾಯಿ-ಹರಿಶ್ಚಂದ್ರಗಡ, ಕೊಯ್ನಾ ಕಾಡಿನೊಳಗಿನ ವಾಸೋಟಾ, ಮುಂಬೈಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಗೋವಾದ ಮೊಲೆಮ್ ಎಲ್ಲವನ್ನೂ ಪಟ್ಟಿಯಿಂದ ತೆಗೆದುಬಿಡಿ. ನಾಯಿಯ ರೋಗ ಕಾಡುಪ್ರಾಣಿಗೆ, ಅವುಗಳದ್ದು ನಾಯಿಗೆ ದಾಟುತ್ತದೆ. ಚಿರತೆಗೆ ನಾಯಿಯೆಂದರೆ ಸುಲಭದ ಊಟ. ಜುನ್ನರ ಭಾಗದ ಕಬ್ಬಿನ ಗದ್ದೆಗಳಲ್ಲೂ ಚಿರತೆಗಳಿವೆ. ಆ ಕಡೆ ತಂಗಿದರೆ ಕತ್ತಲಾದ ಮೇಲೆ ನಾಯಿ ಕೋಣೆಯೊಳಗೇ ಇರಬೇಕು.

ಮೊದಲ ಗಡವಾಗಿ ಸಿಂಹಗಡ ಒಳ್ಳೆಯ ಆಯ್ಕೆ, ಆದರೆ ಭಾನುವಾರ ಅಲ್ಲ. ಗಡದ ಎತ್ತರ 1,312 ಮೀಟರ್, ಪುಣೆಗಿಂತ ಸುಮಾರು 750 ಮೀಟರ್ ಮೇಲೆ. ಗಾಳಿ ನಾಲ್ಕೈದು ಡಿಗ್ರಿ ತಂಪು. ಹಾಗೆಂದು ನಿಶ್ಚಿಂತರಾಗಬೇಡಿ: ಬುಡದ ಹಳ್ಳಿ ಆತಕರವಾಡಿಯಿಂದ ಹತ್ತುವ ಕಾಲುದಾರಿಯಲ್ಲಿ ನೆರಳು ಕಡಿಮೆ, ಕಪ್ಪು ಕಲ್ಲು ಬಿಸಿಲನ್ನು ಹೀರಿಕೊಂಡು ಕಾವಲಿಯಾಗುತ್ತದೆ. ಅಪಾಯ ಹೆಚ್ಚಿರುವುದು ಇಳಿಯುವಾಗ, ಬಿಸಿಲೇರಿ ಕಲ್ಲು ಕಾದ ಮೇಲೆ. ಗಡದವರೆಗೆ ಘಾಟಿ ರಸ್ತೆ ಇದೆ. ಮನೆಯ ಒಬ್ಬರು ಕಾರನ್ನು ಮೇಲೆ ತಂದರೆ ನಾಯಿ ಹತ್ತುವುದಷ್ಟೇ ಹತ್ತಿ, ಕಾರಿನಲ್ಲಿ ಇಳಿಯಬಹುದು. ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎರಡು ದಿನ ಇರುವಂತಿದ್ದರೆ ಮಹಾಬಳೇಶ್ವರದ ಮರದ ನೆರಳಿನ ದಾರಿಗಳು ನಾಯಿಗೆ ಹಿತ. ಮುಂಬೈಯವರಿಗೆ ಮಾಥೇರಾನ್ ಹತ್ತಿರ: ಊರೊಳಗೆ ಕಾರು, ಬೈಕುಗಳಿಲ್ಲ, ಕೆಂಪು ಮಣ್ಣು ಪಾದಕ್ಕೆ ಮೆತ್ತಗೆ. ಎರಡೂ ಕಡೆ ಮಂಗ ಮತ್ತು ಕುದುರೆ ವಿಪರೀತ. ಕುದುರೆ ಬಂದರೆ ದಾರಿಯ ಬದಿಗೆ ಸರಿದು, ನಾಯಿಯನ್ನು ನಿಮ್ಮ ಆಚೆ ಬದಿಗೆ ಕೂರಿಸಿ. ಕಬ್ಬಿಣದ ಏಣಿ ಇರುವ ಗಡಗಳು ನಾಯಿಗಲ್ಲ.

ಚೀಲದಲ್ಲಿ ಏನಿರಬೇಕು

ಮೊದಲು ನೀರು. ಮನೆಯಲ್ಲಿ ಸುಮ್ಮನಿರುವ ನಾಯಿಗೇ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ಬೇಕು. 20 ಕಿಲೋ ನಾಯಿ ಮೂರು ತಾಸು ಏರುವುದಾದರೆ ಕುಡಿಯಲು ಒಂದೂವರೆ ಲೀಟರ್, ಮೈಮೇಲೆ ಸುರಿಯಲು ಒಂದು ಲೀಟರ್. ಈ ಒಂದು ಲೀಟರನ್ನು ಯಾರೂ ಮುಟ್ಟಬಾರದು, ಬೇರೆ ಬಾಟಲಿಯಲ್ಲಿ ಇಡಿ. ನಿಮ್ಮ ಕುಡಿಯುವ ನೀರು ಬೇರೆ.

ಎದೆಯ ಮೇಲೆ ಕೂರುವ ಹಾರ್ನೆಸ್, ಒಂದೂವರೆಯಿಂದ ಎರಡು ಮೀಟರ್ ಗಟ್ಟಿ ಹಗ್ಗ. ಕುತ್ತಿಗೆ ಪಟ್ಟಿಗೆ ಹಗ್ಗ ಕಟ್ಟಿದರೆ ಏರಿನಲ್ಲಿ ಎಳೆದಾಗ ಗಂಟಲು ಒತ್ತಿ ತೇಕಲು ಆಗುವುದಿಲ್ಲ. ಉದ್ದವಾಗುತ್ತಾ ಹೋಗುವ ಸುರುಳಿ ಹಗ್ಗ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಮಡಚುವ ಬಟ್ಟಲು, ಡಿಜಿಟಲ್ ಥರ್ಮಾಮೀಟರ್, ಚಿಮಟ, ಗಾಜ್ ಬಟ್ಟೆ, ಕ್ರೇಪ್ ಬ್ಯಾಂಡೇಜ್, ಎರಡು ಹಳೆಯ ಕಾಲುಚೀಲ, ಮಲ ಎತ್ತಲು ಚೀಲ. ಕೊನೆಯದಾಗಿ ಒಂದು ಹಳೆಯ ಧೋತರ. ನಾಯಿ ನಡೆಯಲಾರದಂತಾದರೆ ಅದನ್ನು ನಾಲ್ಕು ಮಡಿಕೆ ಮಾಡಿ ಜೋಲಿಯಂತೆ ಇಬ್ಬರು ಎರಡು ತುದಿ ಹಿಡಿದು ಇಳಿಸಬಹುದು. 20 ಕಿಲೋ ತೂಕವನ್ನು ತೋಳಲ್ಲಿ ಎತ್ತಿಕೊಂಡು ಜಾರುವ ಜಲ್ಲಿಯ ಮೇಲೆ ಇಳಿಯುವುದು ಒಬ್ಬರ ಕೆಲಸವಲ್ಲ.

ಹತ್ತುವ ಬೆಳಿಗ್ಗೆ

ಹೊರಡುವ ಮೊದಲಿನ ಮೂರು-ನಾಲ್ಕು ತಾಸಿನಲ್ಲಿ ಹೊಟ್ಟೆತುಂಬ ಊಟ ಕೊಡಬೇಡಿ. ಘಾಟಿಯಲ್ಲಿ ವಾಂತಿ ಒಂದು ಕಾರಣ. ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳ ಎದೆಯವುಗಳಲ್ಲಿ ತುಂಬಿದ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇನ್ನೊಂದು, ಅದು ಕೆಲವೇ ತಾಸಿನಲ್ಲಿ ಜೀವ ತೆಗೆಯಬಲ್ಲದು. ಮೇ ತಿಂಗಳಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಐದೂವರೆಗೆ ಬುಡದಲ್ಲಿರಿ, ಒಂಬತ್ತಕ್ಕೆ ಇಳಿದು ಮುಗಿದಿರಲಿ. ಏಳೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಗಡದ ಬಾಗಿಲು ಪುಣೆ ದರ್ವಾಜಾ ಕಣ್ಣೆದುರೇ ಕಂಡರೂ ತಿರುಗಿ.

ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನೆರಳಲ್ಲಿ ನಿಂತು 100ರಿಂದ 150 ಮಿ.ಲೀ. ನೀರು ಕೊಡಿ. ಒಮ್ಮೆಗೇ ಬಟ್ಟಲು ತುಂಬಿದರೆ ಗಟಗಟ ಕುಡಿದು ವಾಂತಿ ಮಾಡುತ್ತದೆ. ನಿಂತಾಗ ಎರಡು ಪರೀಕ್ಷೆ ಮಾಡಿ. ಒಂದು, ನಿಮ್ಮ ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ಇಡಲಾಗದಿದ್ದರೆ ಅದಕ್ಕೂ ನಡೆಯಲಾಗದು. ಎರಡು, ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡು ಅಂಟಂಟಾಗಿದ್ದರೆ ನೀರು ಸಾಲುತ್ತಿಲ್ಲ. ಬಣ್ಣ ಇಟ್ಟಿಗೆಯಂತೆ ಕೆಂಪಾಗಿದ್ದರೆ ಹತ್ತುವುದು ಅಲ್ಲಿಗೆ ಮುಗಿಯಿತು.

ನಾಲಗೆಯನ್ನೂ ನೋಡುತ್ತಿರಿ. ಸುಸ್ತಿಲ್ಲದ ನಾಯಿಯ ನಾಲಗೆ ಹಲ್ಲಿನಾಚೆ ಸ್ವಲ್ಪ ಜೋತಿರುತ್ತದೆ. ಕಾವೇರಿದಂತೆ ತುದಿ ಅಗಲವಾಗಿ ಸೌಟಿನಂತೆ ಮೇಲಕ್ಕೆ ಬಾಗುತ್ತದೆ, ಜೊಲ್ಲು ದಪ್ಪಗಾಗಿ ದಾರದಂತೆ ಇಳಿಯುತ್ತದೆ. ನೆರಳಲ್ಲಿ ಹತ್ತು ನಿಮಿಷ ಕೂರಿಸಿದರೂ ತೇಕು ಇಳಿಯದಿದ್ದರೆ ವಾಪಸು ಹೊರಡಿ.

ದನ ಕಾಯುವವರು, ಮಕ್ಕಳು ಎದುರಾದರೆ ಹಗ್ಗವನ್ನು ಗಿಡ್ಡ ಮಾಡಿ. "ತುಮ್ಚಾ ಕುತ್ರಾ ಜರಾ ಧರಾ" (ನಿಮ್ಮ ನಾಯಿಯನ್ನು ಸ್ವಲ್ಪ ಹಿಡಿಯಿರಿ) ಎಂದು ಅವರು ಹೇಳುವ ಮೊದಲೇ ನೀವು ಹಿಡಿದಿರಬೇಕು. ಬಂಡೆಯ ಅಡಿಯಲ್ಲಿ ಹೆಜ್ಜೇನು ಕಂಡರೆ ಬೊಗಳಲು ಬಿಡದೆ ದೂರದಿಂದಲೇ ಸಾಗಿ. ಕಲ್ಲು ಸಂದಿ, ಒಣ ಎಲೆಯ ರಾಶಿಯಲ್ಲಿ ಮೂತಿ ತೂರಿಸಲು ಬಿಡಬೇಡಿ. ಕೊಳಕುಮಂಡಲ, ಗರಗಸಮಂಡಲ ಎರಡೂ ಸಹ್ಯಾದ್ರಿಯಲ್ಲಿವೆ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ನಡೆಸದೆ ಜೋಲಿಯಲ್ಲಿ ಇಳಿಸಿ, ಫೋನು ಮಾಡಿ ವಿಷನಿವಾರಕ ಚುಚ್ಚುಮದ್ದು ಇರುವ ಪ್ರಾಣಿ ಆಸ್ಪತ್ರೆಗೇ ಹೋಗಿ.

ಗಡದ ಮೇಲೆ ಕಾಂದಾ ಭಜಿ (ಈರುಳ್ಳಿ ಬಜ್ಜಿ), ಪಿಠ್ಲ (ಕಡಲೆಹಿಟ್ಟಿನ ಜುಣಕ), ಭಾಕರಿ (ರೊಟ್ಟಿ) ಕಾಯುತ್ತಿರುತ್ತವೆ. ಭಜಿ, ಪಿಠ್ಲ ನಾಯಿಗೆ ಒಂದು ತುಣುಕೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ಹುರಿದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಲಕ್ಷಣ ಕಾಣಲು ಕೆಲವು ದಿನ ಹಿಡಿಯುವುದರಿಂದ ಯಾರಿಗೂ ಭಜಿಯ ನೆನಪೇ ಬರುವುದಿಲ್ಲ. ಒಣದ್ರಾಕ್ಷಿಯೂ ವಿಷವೇ. ಬರಿಯ ಭಾಕರಿಯ ಚೂರು, ಉಪ್ಪು-ಸಕ್ಕರೆ ಹಾಕದ ಎರಡು ಚಮಚ ಮೊಸರು ನಡೆಯುತ್ತದೆ.

ಬಿಸಿಲು ಬಡಿದರೆ

ನಾಯಿಯ ಸಹಜ ಉಷ್ಣಾಂಶ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41ರ ಹತ್ತಿರ ಹೋದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ತೂರಾಡುವುದು, ವಾಂತಿ, ಕರೆದರೆ ಓಗೊಡದಿರುವುದು ಕಂಡರೆ ಥರ್ಮಾಮೀಟರಿಗಾಗಿ ತಡಕಾಡುತ್ತ ಹೊತ್ತು ಕಳೆಯಬೇಡಿ. ಮೊದಲು ತಣಿಸಿ, ಆಮೇಲೆ ಸಾಗಿಸಿ. ನೆರಳಿಗೆ ಮಲಗಿಸಿ, ಬೇರೆ ಇಟ್ಟಿದ್ದ ಆ ಒಂದು ಲೀಟರನ್ನು ಹೊಟ್ಟೆ, ತೊಡೆಸಂದಿ, ಕಂಕುಳು, ಪಾದಗಳಿಗೆ ಚರ್ಮಕ್ಕೆ ತಾಗುವಂತೆ ಸುರಿಯಿರಿ. ಒಬ್ಬರು ಸುರಿಯುತ್ತಿದ್ದಂತೆ ಇನ್ನೊಬ್ಬರು ಟೋಪಿಯಿಂದಲೋ ಅಂಗಿಯಿಂದಲೋ ಗಾಳಿ ಬೀಸುತ್ತಲೇ ಇರಲಿ. ನೀರು ಆವಿಯಾದರೆ ತಾನೆ ಮೈ ತಣಿಯುವುದು? ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಬಿಸಿಯಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮನುಷ್ಯರ ಜ್ವರದ ಮಾತ್ರೆ ಖಂಡಿತ ಬೇಡ.

ಗುದದ್ವಾರದಲ್ಲಿ ಅಳೆದ ಉಷ್ಣಾಂಶ 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲವಾದರೆ ತೀರಾ ಕೆಳಗಿಳಿಯುತ್ತದೆ. ಕಾರಿನ ಎಸಿ ಹಾಕಿ ವೈದ್ಯರ ಬಳಿಗೆ ಹೊರಡಿ. ಎದ್ದು ಬಾಲ ಅಲ್ಲಾಡಿಸಿದರೂ ಹೋಗಲೇಬೇಕು. ಮೂತ್ರಪಿಂಡದ ತೊಂದರೆ, ರಕ್ತ ಹೆಪ್ಪುಗಟ್ಟುವಿಕೆಯ ಏರುಪೇರು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಮೆತ್ತೆ ಹರಿದರೆ ನೀರಿನಿಂದ ತೊಳೆದು ಗಾಜ್ ಇಟ್ಟು, ಕ್ರೇಪ್ ಬ್ಯಾಂಡೇಜನ್ನು ಸಡಿಲವಾಗಿ ಸುತ್ತಿ ಮೇಲೆ ಕಾಲುಚೀಲ ಏರಿಸಿ. ಬೆರಳು ಊದಿದರೆ ಕಟ್ಟು ಬಿಗಿಯಾಯಿತೆಂದು ಅರ್ಥ.

ಮನೆಗೆ ಬಂದ ಮೇಲೆ

ಒಂದು ತಾಸು ವಿಶ್ರಾಂತಿ, ಆಮೇಲೆ ಊಟ. ಆ ತಾಸಿನಲ್ಲಿ ನಾಯಿಯನ್ನು ಬೆಳಕಿಗೆ ಮಲಗಿಸಿ ಮೈಯೆಲ್ಲ ತಡವಿ ನೋಡಿ. ಬೇಸಿಗೆಯಲ್ಲಿ ಗುಡ್ಡದ ಒಣ ಹುಲ್ಲಿನಲ್ಲಿ ಈಟಿಯಂಥ ಮೊನೆಯ ಬೀಜಗಳಿರುತ್ತವೆ, ಮರಾಠಿಯಲ್ಲಿ ಕುಸಳ ಎನ್ನುತ್ತಾರೆ. ಕಾಲುಬೆರಳ ಸಂದಿಯಲ್ಲಿ ಹೊಕ್ಕರೆ ಹಿಂದಕ್ಕೆ ಬರುವುದಿಲ್ಲ, ಮುಂದಕ್ಕೇ ಸರಿಯುತ್ತ ಕೀವು ಮಾಡುತ್ತದೆ. ಒಂದೊಂದೇ ಬೆರಳನ್ನು ಅಗಲಿಸಿ ನೋಡಿ. ನಾಯಿ ಒಂದೇ ಬದಿಗೆ ತಲೆ ಕೊಡವುತ್ತಿದ್ದರೆ ಕಿವಿಯಲ್ಲಿ ಹೋಗಿರಬಹುದು, ಹತ್ತಿಕಡ್ಡಿ ಹಾಕದೆ ವೈದ್ಯರಿಗೆ ತೋರಿಸಿ.

ಉಣ್ಣಿ ಹುಡುಕಬೇಕಾದದ್ದು ಕಿವಿಯ ಒಳಮಡಿಕೆ, ಪಟ್ಟಿಯ ಅಡಿ, ಕಂಕುಳು, ಬಾಲದ ಬುಡದಲ್ಲಿ. ಚಿಮಟದಿಂದ ಚರ್ಮಕ್ಕೆ ಅಂಟಿದ ಬಾಯಿಯ ಹತ್ತಿರವೇ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಊದಿನಕಡ್ಡಿ ತಾಗಿಸುವುದು ಮಾಡಿದರೆ ಉಣ್ಣಿ ಒಳಗಿನದ್ದನ್ನು ರಕ್ತಕ್ಕೇ ಕಕ್ಕುತ್ತದೆ. ಗಡಕ್ಕೆ ಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಉಣ್ಣಿ ಜ್ವರ ತಲೆಯೆತ್ತಲು ಮೂರು ವಾರದವರೆಗೂ ಹಿಡಿಯಬಹುದು. ಅಷ್ಟರೊಳಗೆ ಊಟ ಬಿಟ್ಟರೆ, ಮೈ ಸುಟ್ಟರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ವೈದ್ಯರಿಗೆ ಆ ತಾರೀಖನ್ನು ಹೇಳಿ.